ಕೊಳ್ಳೋಣವೆಂದರೂ ಸಿಗದ ಆಟ

ಕಳೆದ ವರ್ಷ ಕಂಪ್ಯೂಟರ್ ಆಟಗಳನ್ನು ಕುರಿತ ಚರ್ಚೆಯೊಂದನ್ನು ನಮ್ಮ ಕಾರ್ಯಕ್ರಮದಲ್ಲಿ ಪ್ರಸಾರ ಮಾಡಿದ್ದೆವು. ಅದನ್ನು ನೋಡಿದವರಿಗೆ ಒಂದು ಸಂಗತಿ ವಿಚಿತ್ರವೆನಿಸಿರಬೇಕು. ಸ್ಟುಡಿಯೋದಲ್ಲಿ ಕುಳಿತಿದ್ದ ಮೂವರು ಅತಿಥಿಗಳು, ಅಂದರೆ ಕಾಲೇಜಿನ ಅಧ್ಯಾಪಕಿಯೊಬ್ಬರು, ಒಬ್ಬ ತಂತ್ರಾಂಶ ಇಂಜಿನಿಯರ್ ಮತ್ತು ಒಬ್ಬ ಮಕ್ಕಳ ವೈದ್ಯರು, ತೊಂಬತ್ತರ ದಶಕದ ಒಂದು ಆಟದ ಬಗ್ಗೆ ಹತ್ತು ನಿಮಿಷ ಉತ್ಸಾಹದಿಂದ ಮಾತನಾಡಿದರು. ಮೂವರೂ ಅದನ್ನು ಆಡಿದ್ದವರೇ. ಆದರೆ ಅಷ್ಟು ಹೊತ್ತೂ ಪರದೆಯ ಮೇಲೆ ಆ ಆಟದ ಒಂದೇ ಒಂದು ದೃಶ್ಯವೂ ಬರಲಿಲ್ಲ. ಅದರ ಬದಲು ಹಳೆಯ ಕೀಲಿಮಣೆಯ ಮೇಲೆ ಯಾರದೋ ಬೆರಳುಗಳು ಓಡಾಡುವುದನ್ನು ಮೂರು ಸಲ ತೋರಿಸಿದೆವು. ಆ ಬೆರಳುಗಳು ನನ್ನವು.

ನಮಗೆ ಬೇಕಾಗಿದ್ದುದು ಇಪ್ಪತ್ತು ಸೆಕೆಂಡಿನ ತುಣುಕು ಮಾತ್ರ. ನಮ್ಮದಲ್ಲದ ಯಾವುದೇ ದೃಶ್ಯವನ್ನು ಪ್ರಸಾರ ಮಾಡುವ ಮುನ್ನ ಅದರ ಮಾಲೀಕರ ಒಪ್ಪಿಗೆ ಕಡತದಲ್ಲಿರಬೇಕು ಎಂಬುದು ನಾವು ಪಾಲಿಸಿಕೊಂಡು ಬಂದಿರುವ ಶಿಸ್ತು. ಆಟದ ಮೊದಲ ಪರದೆಯಲ್ಲಿ ಹೆಸರಿದ್ದ ಕಂಪನಿ ಈಗ ಇಲ್ಲ. ಅದನ್ನು ಕೊಂಡಿದ್ದ ಕಂಪನಿಗೆ ಬರೆದೆವು. ಈ ಆಟ ತಮಗೆ ಸೇರಿದ್ದೋ ಅಲ್ಲವೋ ಪರಿಶೀಲಿಸಬೇಕಾಗುತ್ತದೆ ಎಂದು ಒಂದು ಸಾಲಿನ ಉತ್ತರ ಬಂತು. ಆಮೇಲೆ ಮೌನ. ಅಷ್ಟರಲ್ಲಿ ಧ್ವನಿಮುದ್ರಣದ ದಿನ ಬಂದೇಬಿಟ್ಟಿತು. ನಮ್ಮ ತಂಡದ ಕಿರಿಯ ಸಹಾಯಕ, "ಸಾರ್, ಇಂಟರ್‌ನೆಟ್‌ನಲ್ಲಿ ಹತ್ತು ನಿಮಿಷದಲ್ಲಿ ಸಿಗುತ್ತೆ. ಇಳಿಸಿಕೊಂಡು ತೋರಿಸಿಬಿಡೋಣ" ಎಂದ. "ಸಿಗುತ್ತಪ್ಪಾ, ಆದರೆ ಕೊನೆಯಲ್ಲಿ 'ಕೃಪೆ' ಅಂತ ಯಾರ ಹೆಸರು ಹಾಕೋಣ?" ಎಂದೆ. ಅವನಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ.

ಪ್ರಸಾರದ ನಂತರ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳು ಆಟಕ್ಕೆ ಅಂಟಿಕೊಳ್ಳುವುದನ್ನು ಕುರಿತವು. ಹಾಸನದ ಕಡೆಯ ವೀಕ್ಷಕರೊಬ್ಬರು ಮಾತ್ರ ಬೇರೆಯೇ ಪ್ರಶ್ನೆ ಕೇಳಿದ್ದರು. ತಾವು ಓದುವಾಗ ಆಡಿದ ಆಟಗಳನ್ನು ಮಗಳಿಗೆ ತೋರಿಸಬೇಕೆಂಬ ಆಸೆ ಅವರಿಗೆ. ಆಗ ಕದ್ದ ಪ್ರತಿಯಲ್ಲಿ ಆಡಿದ್ದು ಸಾಕು, ಈಗ ದುಡ್ಡು ಕೊಟ್ಟೇ ಕೊಳ್ಳುತ್ತೇನೆ, ಎಲ್ಲಿ ಸಿಗುತ್ತದೆ ಎಂದು ಅವರ ಪ್ರಶ್ನೆ. ಸರಳವಾಗಿ ಕಾಣುವ ಈ ಪ್ರಶ್ನೆಗೆ ಉತ್ತರ ಹುಡುಕಹೊರಟಾಗ ತಿಳಿದುಬಂದ ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ.

ಮೊದಲು ನನ್ನ ತಪ್ಪೊಪ್ಪಿಗೆ. ನಾನು ಬಿ.ಎಸ್ಸಿ. ಓದಿದ್ದು ತೊಂಬತ್ತರ ದಶಕದ ಉತ್ತರಾರ್ಧದಲ್ಲಿ. ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯಕ್ಕೆ ಚಪ್ಪಲಿ ಬಿಟ್ಟು ಹೋಗಬೇಕಾಗಿತ್ತು. ಪ್ರಾಕ್ಟಿಕಲ್ ಮುಗಿಸಿದವರಿಗೆ ಉಳಿದ ಹೊತ್ತಿನಲ್ಲಿ ಫ್ಲಾಪಿಯಿಂದ 'ಪ್ರಿನ್ಸ್ ಆಫ್ ಪರ್ಷಿಯಾ' ಅಥವಾ 'ಡೇಂಜರಸ್ ಡೇವ್' ಆಡುವ ಅಘೋಷಿತ ಸ್ವಾತಂತ್ರ್ಯವಿತ್ತು. ಫ್ಲಾಪಿಗಳು ಕೈಯಿಂದ ಕೈಗೆ ದಾಟುತ್ತಿದ್ದವು. ಇದಕ್ಕೆ ಬೆಲೆಯಿದೆ, ಇದನ್ನು ತಯಾರಿಸಿದವನೊಬ್ಬ ಇದ್ದಾನೆ ಎಂಬ ಯೋಚನೆ ನಮ್ಮಲ್ಲಿ ಒಬ್ಬರಿಗಾದರೂ ಬಂದಿತ್ತೆಂದು ನನಗೆ ನೆನಪಿಲ್ಲ. ಕೊಳ್ಳುವ ಮನಸ್ಸು ಬಂದಿದ್ದರೂ ನಮ್ಮ ಊರಿನಲ್ಲಿ ಮಾರುವ ಅಂಗಡಿ ಇರಲಿಲ್ಲ ಎಂಬುದೂ ನಿಜ.

ತಯಾರಿಸಿದವನ ಹೆಸರು ಜೋರ್ಡನ್ ಮೆಕ್ನರ್. ದೃಶ್ಯಮಾಧ್ಯಮದಲ್ಲಿ ದುಡಿಯುವ ನನ್ನಂಥವನಿಗೆ ಆತನ ಕೆಲಸದ ರೀತಿ ಬಹಳ ಹಿಡಿಸುತ್ತದೆ. ಎಂಬತ್ತರ ದಶಕದ ನಡುವಿನಲ್ಲಿ ಆತ ತನ್ನ ತಮ್ಮನಿಗೆ ಬಿಳಿಯ ಬಟ್ಟೆ ತೊಡಿಸಿ, ಓಡಿಸಿ, ಹಾರಿಸಿ, ಗೋಡೆ ಹತ್ತಿಸಿ, ಅದನ್ನು ಸಾಮಾನ್ಯ ವಿಡಿಯೋ ಕ್ಯಾಮೆರಾದಲ್ಲಿ ಚಿತ್ರಿಸಿಕೊಂಡ. ಆಮೇಲೆ ಒಂದೊಂದು ಚೌಕಟ್ಟನ್ನೂ ನಿಲ್ಲಿಸಿ, ದೇಹದ ಹೊರರೇಖೆ ತೆಗೆದು ಕಂಪ್ಯೂಟರಿಗೆ ಇಳಿಸಿದ. ಕತ್ತಿವರಸೆಗೆ ಆಧಾರವಾಗಿದ್ದು 1938ರ 'ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್' ಚಲನಚಿತ್ರದ ಕಾಳಗ. ಆಪಲ್-2 ಯಂತ್ರಕ್ಕಾಗಿ 1989ರಲ್ಲಿ ಬಿಡುಗಡೆಯಾದ ಈ ಆಟ, ಮರುವರ್ಷ ನಮಗೆ ಪರಿಚಯವಾದ ಡಾಸ್ ರೂಪಕ್ಕೆ ಬಂತು. ಆ ರಾಜಕುಮಾರ ಅಂಚಿನಲ್ಲಿ ಬೆರಳು ಊರಿ ಜೋತಾಡುವಾಗ ನಮ್ಮ ಉಸಿರು ಬಿಗಿಯುತ್ತಿದ್ದುದು ಸುಮ್ಮನೆ ಅಲ್ಲ. ಅಲ್ಲಿ ಜೋತಾಡುತ್ತಿದ್ದವನು ನಿಜವಾದ ಒಬ್ಬ ಹುಡುಗ.

ಮೊದಲ ಹಂತ ಮುಗಿದೊಡನೆ ಆ ಆಟದಲ್ಲಿ ಒಂದು ಕೋಣೆ ಬರುತ್ತಿತ್ತು. ಅಕ್ಷರ ಬರೆದ ಔಷಧದ ಸೀಸೆಗಳು ಅಲ್ಲಿ ಸಾಲಾಗಿರುತ್ತಿದ್ದವು. ಮುದ್ರಿತ ಕೈಪಿಡಿಯ ಇಂಥ ಪುಟದ, ಇಂಥ ಸಾಲಿನ, ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಸೀಸೆಯನ್ನು ಕುಡಿಯಬೇಕು. ಕೈಪಿಡಿ ಇರುವುದು ಕೊಂಡವನ ಬಳಿ ಮಾತ್ರ. ಅಂದರೆ ಅದು ಕಳ್ಳಪ್ರತಿಗೆ ಹಾಕಿದ ಬಾಗಿಲು. ನಮಗೆ ಸಿಕ್ಕ ಒಂದು ಫ್ಲಾಪಿಯಲ್ಲಿ ಯಾರೋ ಪುಣ್ಯಾತ್ಮರು ಆ ಬಾಗಿಲನ್ನು ಮುರಿದಿದ್ದರು. ಇನ್ನೊಂದರಲ್ಲಿ ಮುರಿದಿರಲಿಲ್ಲ. ಕೈಗೆ ಸಿಕ್ಕ ಸೀಸೆ ಕುಡಿದು ಸಾಯುವುದೇ ಆಟದ ನಿಯಮವೆಂದು ನಾವು ಬಹಳ ದಿನ ತಿಳಿದಿದ್ದೆವು.

ಹಳೆಯ ಫ್ಲಾಪಿ ಇಂದು ಕೈಗೆ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಅದನ್ನು ಓದುವ ಸಾಧನ ಹೊಸ ಕಂಪ್ಯೂಟರಿನಲ್ಲಿ ಇಲ್ಲ. ಹೇಗೋ ಓದಿಸಿದರೂ ಆಟ ನಡೆಯುವುದಿಲ್ಲ. ಇದೇಕೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಆ ಕಾಲದ ಅನೇಕ ಆಟಗಳು ಸಮಯವನ್ನು ಅಳೆಯುತ್ತಿದ್ದುದು ಪ್ರೊಸೆಸರಿನ ವೇಗದಿಂದ. 'ಸಾವಿರದವರೆಗೆ ಎಣಿಸು, ಆಮೇಲೆ ಚಿತ್ರವನ್ನು ಒಂದು ಹೆಜ್ಜೆ ಸರಿಸು' ಎಂಬ ಬಗೆಯ ಆಜ್ಞೆ ಅದು. ಮೊದಲ ಐ.ಬಿ.ಎಂ. ಪಿ.ಸಿ.ಯ ವೇಗ 4.77 ಮೆಗಾಹರ್ಟ್ಸ್. ಇಂದಿನ ಸಾಧಾರಣ ಯಂತ್ರದಲ್ಲಿ ಆ ಎಣಿಕೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ, ಆಟಗಾರ ಕೈ ಎತ್ತುವ ಮೊದಲೇ ಸತ್ತಿರುತ್ತಾನೆ. ಹಳೆಯ ಕಂಪ್ಯೂಟರ್ ಪೆಟ್ಟಿಗೆಯ ಮುಖದಲ್ಲಿ 'ಟರ್ಬೊ' ಎಂಬ ಗುಂಡಿ ಇರುತ್ತಿದ್ದುದನ್ನು ಕೆಲವರು ನೆನಪಿಸಿಕೊಳ್ಳಬಹುದು. ವೇಗ ಹೆಚ್ಚಿಸುವ ಹೆಸರು ಹೊತ್ತ ಆ ಗುಂಡಿಯಿಂದ ಇಂಥ ತಂತ್ರಾಂಶಗಳಿಗಾಗಿ ವೇಗವನ್ನು ತಗ್ಗಿಸುವ ಕೆಲಸವೂ ಆಗುತ್ತಿತ್ತು.

ಟರ್ಬೊ ಪ್ಯಾಸ್ಕಲ್ ಕಲಿತವರಿಗೆ ಇದರ ಇನ್ನೊಂದು ರೂಪ ಗೊತ್ತಿದ್ದೀತು. ಆ ಭಾಷೆಯ ಒಂದು ಸಿದ್ಧಭಾಗವು ತಂತ್ರಾಂಶ ಆರಂಭವಾಗುವಾಗ, 55 ಮಿಲಿಸೆಕೆಂಡುಗಳಲ್ಲಿ ತಾನು ಎಷ್ಟು ಸುತ್ತು ಎಣಿಸಬಲ್ಲೆ ಎಂದು ಲೆಕ್ಕ ಹಾಕಿ, ಬಂದ ಸಂಖ್ಯೆಯನ್ನು 55ರಿಂದ ಭಾಗಿಸುತ್ತಿತ್ತು. ಉತ್ತರವನ್ನು ಇಡುತ್ತಿದ್ದ ಪೆಟ್ಟಿಗೆಯಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 65,535. ಪ್ರೊಸೆಸರುಗಳ ವೇಗ 200 ಮೆಗಾಹರ್ಟ್ಸ್ ದಾಟುತ್ತಿದ್ದಂತೆ ಉತ್ತರ ಆ ಪೆಟ್ಟಿಗೆಯಲ್ಲಿ ಹಿಡಿಯದಾಯಿತು. ಪರದೆಯ ಮೇಲೆ 'ರನ್‌ಟೈಮ್ ಎರರ್ 200' ಎಂದು ಮೂಡಿ ತಂತ್ರಾಂಶ ನಿಂತುಬಿಡುತ್ತಿತ್ತು. ತಂತ್ರಾಂಶದ ಒಂದಕ್ಷರವೂ ಬದಲಾಗಿಲ್ಲ, ಯಂತ್ರ ಕೆಟ್ಟಿಲ್ಲ. ಯಂತ್ರ ಉತ್ತಮವಾದದ್ದೇ ತೊಂದರೆ!

ಇದಲ್ಲದೆ 16-ಬಿಟ್ ತಂತ್ರಾಂಶಗಳನ್ನು 64-ಬಿಟ್ ವಿಂಡೋಸ್ ನಡೆಸುವುದೇ ಇಲ್ಲ. ಧ್ವನಿಗಾಗಿ ಆಟಗಳು ನೇರವಾಗಿ ಹುಡುಕುತ್ತಿದ್ದ ಸೌಂಡ್ ಕಾರ್ಡುಗಳೂ ಈಗಿಲ್ಲ. ಇನ್ನು ಚಿತ್ರದ ಆಕಾರ. 4:3 ಅನುಪಾತದ ಪರದೆಗಾಗಿ ಬರೆದ ಚಿತ್ರವನ್ನು 16:9 ಪರದೆಗೆ ಎಳೆದು ಹಿಗ್ಗಿಸಿದರೆ ರಾಜಕುಮಾರ ಊದಿಕೊಂಡು ಕಾಣುತ್ತಾನೆ. ಹಳೆಯ ನಾಟಕಗಳನ್ನು ಮರುಪ್ರಸಾರ ಮಾಡುವಾಗ ಎರಡು ಪಕ್ಕದಲ್ಲಿ ಕಪ್ಪು ಪಟ್ಟಿ ಏಕೆ ಬಿಡುತ್ತೀರಿ ಎಂದು ನಮಗೆ ಪತ್ರ ಬರೆಯುವವರಿಗೂ ಉತ್ತರ ಇದೇ.

ತಂತ್ರಜ್ಞಾನದ ಈ ತೊಡಕುಗಳಿಗೆಲ್ಲ ಪರಿಹಾರ ಬಂದು ಎರಡು ದಶಕಗಳೇ ಆಗಿವೆ. 2002ರಲ್ಲಿ ಮೊದಲು ಹೊರಬಂದ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ, ಹೊಸ ಕಂಪ್ಯೂಟರಿನೊಳಗೆ ಒಂದು ಹಳೆಯ ಕಂಪ್ಯೂಟರನ್ನು ಅನುಕರಿಸುತ್ತದೆ. ಹಳೆಯ ಪ್ರೊಸೆಸರ್, ಹಳೆಯ ಸೌಂಡ್ ಕಾರ್ಡು, ಹಳೆಯ ಪರದೆ ಎಲ್ಲವೂ ಅಲ್ಲಿ ಲೆಕ್ಕದ ರೂಪದಲ್ಲಿರುತ್ತವೆ. ತಾನು ತೊಂಬತ್ತರ ದಶಕದ ಯಂತ್ರದಲ್ಲೇ ಇದ್ದೇನೆಂದು ಆಟ ನಂಬಿಕೊಳ್ಳುತ್ತದೆ. 2001ರಲ್ಲಿ ಆರಂಭವಾದ ಸ್ಕಮ್‌ವಿಎಂ ಇನ್ನೊಂದು ದಾರಿ ಹಿಡಿಯಿತು. ಯಂತ್ರವನ್ನು ಅನುಕರಿಸುವ ಬದಲು, ಆಟದ ಚಿತ್ರ, ಸಂಭಾಷಣೆ, ಸಂಗೀತಗಳಿರುವ ಕಡತಗಳನ್ನು ತಾನೇ ಓದಿ ನಡೆಸುತ್ತದೆ. 1997ರ 'ಬ್ಲೇಡ್ ರನ್ನರ್' ಆಟದ ಸೋರ್ಸ್ ಕೋಡ್, ಅಂದರೆ ಅದನ್ನು ಬರೆದವರ ಮೂಲ ಬರಹ, ಕಳೆದುಹೋಗಿತ್ತು. ಸ್ಕಮ್‌ವಿಎಂ ಸ್ವಯಂಸೇವಕರು ಸಿದ್ಧ ಆಟವನ್ನು ಬಿಡಿಸಿ ನೋಡುತ್ತಾ ವರ್ಷಗಟ್ಟಲೆ ದುಡಿದು ಅದರ ಒಳಗುಟ್ಟನ್ನು ಮರಳಿ ಬರೆದರು. ಅವರ ಶ್ರಮದಿಂದ 2019ರಲ್ಲಿ ಆ ಆಟ ಕಾನೂನುಬದ್ಧವಾಗಿ ಮತ್ತೆ ಮಾರಾಟಕ್ಕೆ ಬಂತು.

ಮೆಕ್ನರ್‌ನ ಮೂಲ ಬರಹವೂ ಕಾಣೆಯಾಗಿತ್ತು. 2012ರಲ್ಲಿ ಆತನ ತಂದೆ ಮನೆಯಲ್ಲಿದ್ದ ಹಳೆಯ ಡಿಸ್ಕುಗಳ ಪೆಟ್ಟಿಗೆಯೊಂದನ್ನು ಮಗನಿಗೆ ಕಳುಹಿಸಿದರು. ಹಳೆಯ ಮಾಧ್ಯಮ ಬಲ್ಲ ತಜ್ಞರು ಅವುಗಳನ್ನು ಜೋಪಾನವಾಗಿ ಓದಿಸಿದರು. ಆತ ಅದನ್ನು ಎಲ್ಲರೂ ನೋಡಲೆಂದು ಪ್ರಕಟಿಸಿದ. ಜೊತೆಗೆ, ಇದನ್ನು ಓದಿ ಕಲಿಯಲು ತನ್ನ ಅಭ್ಯಂತರವಿಲ್ಲ, ಆದರೆ ಪ್ರಿನ್ಸ್ ಆಫ್ ಪರ್ಷಿಯಾ ಆಟಗಳನ್ನು ತಯಾರಿಸಿ ವಿತರಿಸುವ ಹಕ್ಕು ಯೂಬಿಸಾಫ್ಟ್ ಕಂಪನಿಗೆ ಮಾತ್ರ ಇದೆ ಎಂದೂ ಸ್ಪಷ್ಟವಾಗಿ ಬರೆದ. ಓದಲು ಒಪ್ಪಿಗೆ ಒಂದು, ಹಂಚಲು ಒಪ್ಪಿಗೆ ಇನ್ನೊಂದು. ಹಾಸನದ ವೀಕ್ಷಕರ ಪ್ರಶ್ನೆ ನಿಂತಿರುವುದು ಈ ಎರಡರ ನಡುವೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಂತೆ, ಇಲ್ಲಿ ಯಂತ್ರ ಒಪ್ಪಿದರೂ ಕಾಗದಪತ್ರ ಒಪ್ಪುವುದಿಲ್ಲ.

ಕಾಗದಪತ್ರ ಒಪ್ಪಿದ ಉದಾಹರಣೆಯನ್ನೂ ಹೇಳಬೇಕು. ಸ್ಟೀಫನ್ ಕಿಕ್ ಎಂಬ ಅಮೆರಿಕದ ಕಲಾವಿದ 2012ರಲ್ಲಿ ಕೆಲಸ ಬಿಟ್ಟು ಮಧ್ಯ ಅಮೆರಿಕದಲ್ಲಿ ಪ್ರವಾಸ ಮಾಡುತ್ತಿದ್ದ. ತನಗೆ ಪ್ರಿಯವಾದ 'ಸಿಸ್ಟಮ್ ಶಾಕ್ 2' ಆಟವನ್ನು ಲ್ಯಾಪ್‌ಟಾಪಿನಲ್ಲಿ ಆಡಲು ನೋಡಿದ. ನಡೆಯಲಿಲ್ಲ. ಕೊಳ್ಳೋಣವೆಂದರೆ ಮಾರಾಟದಲ್ಲೇ ಇಲ್ಲ. 1999ರಲ್ಲಿ ಅದನ್ನು ತಯಾರಿಸಿದ ಲುಕಿಂಗ್ ಗ್ಲಾಸ್ ಸ್ಟುಡಿಯೋಸ್ ಮರುವರ್ಷವೇ ಮುಚ್ಚಿಹೋಗಿತ್ತು. ಹುಡುಕುತ್ತಾ ಹೋದರೆ ಹಕ್ಕು ಸಿಕ್ಕಿದ್ದು ಎಲ್ಲಿ? ಒಂದು ವಿಮಾ ಕಂಪನಿಯ ಬಳಿ! ಸ್ಟುಡಿಯೋ ಮುಚ್ಚಿದಾಗ ಅದರ ಆಸ್ತಿಪಾಸ್ತಿಯ ಜೊತೆಯಲ್ಲಿ ಆಟವೂ ಅಲ್ಲಿಗೆ ಹೋಗಿ ಸೇರಿತ್ತು. ಕಿಕ್ ಅವರೊಡನೆ ಮಾತುಕತೆ ನಡೆಸಿದ. 2013ರ ಫೆಬ್ರವರಿಯಲ್ಲಿ, ಹೊಸ ಯಂತ್ರಗಳಲ್ಲಿ ನಡೆಯುವಂತೆ ಸರಿಪಡಿಸಿದ ಪ್ರತಿ ಮಾರಾಟಕ್ಕೆ ಬಂತು. ಆತ ಕಟ್ಟಿದ ನೈಟ್‌ಡೈವ್ ಸ್ಟುಡಿಯೋಸ್‌ಗೆ ಮುಂದೆ ಇದೇ ಉದ್ಯೋಗವಾಯಿತು.

ಅದೇ ಕಿಕ್ ಸೋತ ಪ್ರಸಂಗ ಇನ್ನೂ ಬೋಧಪ್ರದ. 2000ದಲ್ಲಿ ಬಂದ 'ನೋ ಒನ್ ಲಿವ್ಸ್ ಫಾರೆವರ್' ಎಂಬ ಗೂಢಚಾರಿಣಿಯ ಆಟವನ್ನು ತಯಾರಿಸಿದ್ದು ಮೊನೊಲಿತ್, ಪ್ರಕಟಿಸಿದ್ದು ಫಾಕ್ಸ್ ಇಂಟರ್ಯಾಕ್ಟಿವ್. 2003ರಲ್ಲಿ ಫಾಕ್ಸ್ ಇಂಟರ್ಯಾಕ್ಟಿವ್ ವಿವೆಂಡಿಯ ಪಾಲಾಯಿತು, 2004ರಲ್ಲಿ ಮೊನೊಲಿತ್ ವಾರ್ನರ್ ಬ್ರದರ್ಸ್ ಪಾಲಾಯಿತು, 2008ರಲ್ಲಿ ವಿವೆಂಡಿಯ ಆಟಗಳ ವಿಭಾಗ ಆಕ್ಟಿವಿಷನ್ ಜೊತೆ ಕೂಡಿತು. ಕಿಕ್ ಮೂವರ ಬಾಗಿಲನ್ನೂ ತಟ್ಟಿದ. ಇದರಲ್ಲಿ ತಮ್ಮ ಪಾಲು ಎಷ್ಟು ಎಂದು ಯಾರೂ ಖಚಿತವಾಗಿ ಹೇಳಲಿಲ್ಲ. ಹಳೆಯ ಕರಾರುಪತ್ರಗಳು ಕಂಪ್ಯೂಟರಿಗೆ ಸೇರುವ ಮೊದಲಿನವು, ಎಲ್ಲೋ ಪೆಟ್ಟಿಗೆಯಲ್ಲಿ ಇರುವ ಕಾಗದಗಳು. ಹುಡುಕಿಸುವ ಖರ್ಚಿಗೆ ತಕ್ಕ ಲಾಭ ಯಾರಿಗೂ ಕಾಣಲಿಲ್ಲ. ಆದರೆ ಅನುಮತಿಯಿಲ್ಲದೆ ಬಿಡುಗಡೆ ಮಾಡಿದರೆ ಸುಮ್ಮನಿರುವುದಿಲ್ಲ ಎಂಬ ಎಚ್ಚರಿಕೆ ಮಾತ್ರ ಬಂತು. ಆಮೇಲೆ ಫಾಕ್ಸ್ ಸ್ಟುಡಿಯೋ 2019ರಲ್ಲಿ ಡಿಸ್ನಿಗೆ, ಆಕ್ಟಿವಿಷನ್ 2023ರಲ್ಲಿ ಮೈಕ್ರೋಸಾಫ್ಟಿಗೆ ಸೇರಿದವು. 2025ರ ಫೆಬ್ರವರಿಯಲ್ಲಿ ಮೊನೊಲಿತ್ ಸ್ಟುಡಿಯೋವನ್ನೇ ಮುಚ್ಚಿದರು. ನಮ್ಮಲ್ಲಿ ಅಜ್ಜನ ಹೆಸರಿನಲ್ಲಿ ಉಳಿದ ಜಮೀನು ಮೊಮ್ಮಕ್ಕಳ ಕಾಲಕ್ಕೆ ಏನಾಗುತ್ತದೆ ಎಂಬುದನ್ನು ತಾಲ್ಲೂಕು ಕಚೇರಿಗೆ ಅಲೆದವರು ಬಲ್ಲರು. ಇದೂ ಹಾಗೆಯೇ. ಬೀಳು ಬಿದ್ದಿದೆ, ಉಳುವಂತಿಲ್ಲ.

ಇದು ಒಂದೆರಡು ಆಟಗಳ ಹಣೆಬರಹವಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕಿಂತ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡಾ 87ರಷ್ಟು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಹಾಗಾದರೆ ಗ್ರಂಥಾಲಯಗಳು ಅವನ್ನು ಸಂಶೋಧಕರಿಗೆ ದೂರದಿಂದಲೇ ಒದಗಿಸಲಿ ಎಂಬ ಕೋರಿಕೆಯನ್ನು ಅಲ್ಲಿನ ಕೃತಿಸ್ವಾಮ್ಯ ಕಚೇರಿ 2024ರ ಅಕ್ಟೋಬರಿನಲ್ಲಿ ಒಪ್ಪಲಿಲ್ಲ. ಸಂಶೋಧನೆಯ ಹೆಸರಿನಲ್ಲಿ ಮನರಂಜನೆಗೂ ಬಳಸಿಯಾರು ಎಂಬುದು ವಿರೋಧಿಸಿದವರ ವಾದ. ಕಾದಂಬರಿಯನ್ನು ಗ್ರಂಥಾಲಯದಿಂದ ಎರವಲು ತಂದು ಮನರಂಜನೆಗಾಗಿಯೇ ಓದುವ ನಮಗೆ ಈ ವಾದ ಅರ್ಥವಾಗುವುದು ಕಷ್ಟ.

'ಕಂಪನಿ ಮುಚ್ಚಿದೆ, ಮಾರುವವರಿಲ್ಲ, ಆದ್ದರಿಂದ ಉಚಿತ' ಎಂಬ ನಂಬಿಕೆ ವ್ಯಾಪಕವಾಗಿದೆ. ಕಾನೂನಿನಲ್ಲಿ ಅಂಥ ವರ್ಗವಿಲ್ಲ. ಅಮೆರಿಕದಲ್ಲಿ ಕಂಪನಿಯ ಪರವಾಗಿ ತಯಾರಾದ ಕೃತಿಗೆ ಪ್ರಕಟವಾದಂದಿನಿಂದ 95 ವರ್ಷ ರಕ್ಷಣೆ. 1989ರಲ್ಲಿ ಬಂದ ಅಂಥ ಆಟವೊಂದು ಬಂಧಮುಕ್ತವಾಗುವುದು 2084 ಮುಗಿದ ಮೇಲೆ. ಫ್ಲಾಪಿಯ ಮೇಲಿನ ಕಾಂತೀಯ ಗುರುತುಗಳು ಅಷ್ಟು ಕಾಲ ಕಾಯುವುದಿಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಕಂಪ್ಯೂಟರ್ ತಂತ್ರಾಂಶವನ್ನು ಸಾಹಿತ್ಯಕೃತಿ ಎಂದೇ ಪರಿಗಣಿಸಲಾಗಿದೆ. ಕಥೆ, ಕವನಗಳಿಗೆ ಇರುವಂತೆಯೇ ಲೇಖಕನ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ರಕ್ಷಣೆ. ಹಕ್ಕಿನಿಂದ ಪಡೆದ ಪ್ರತಿಯುಳ್ಳವನು ಜೋಪಾನಕ್ಕಾಗಿ ಇನ್ನೊಂದು ಪ್ರತಿ ಮಾಡಿಕೊಳ್ಳಬಹುದು ಎಂದು 52ನೆಯ ಪ್ರಕರಣ ಹೇಳುತ್ತದೆ. ಆದರೆ ನಮ್ಮ ತಲೆಮಾರಿನವರ ಬಳಿ ಹಕ್ಕಿನಿಂದ ಪಡೆದ ಮೊದಲ ಪ್ರತಿಯೇ ಇರಲಿಲ್ಲವಲ್ಲ! ಮಾಲೀಕನೇ ಪತ್ತೆಯಾಗದೆ, ಕೃತಿ ಜನರಿಗೆ ಸಿಗದಂತಾಗಿದ್ದರೆ ಪರವಾನಗಿ ಕೋರಿ ಅರ್ಜಿ ಹಾಕಲು 31ಎ ಪ್ರಕರಣದಲ್ಲಿ ಅವಕಾಶವಿದೆ. ನೂರೈವತ್ತು ರೂಪಾಯಿಗೆ ಮಾರಬಹುದಾದ ಆಟಕ್ಕೆ ಅಷ್ಟು ದೂರ ಹೋಗುವವರು ಯಾರು ಎಂಬುದು ಬೇರೆ ಮಾತು.

ಇದಕ್ಕೆಲ್ಲ ದಾರಿ ಇಲ್ಲವೇ ಎಂದರೆ, ನನ್ನ ಮಟ್ಟಿಗೆ ಹೆಚ್ಚು ಸಮಾಧಾನ ಕೊಟ್ಟದ್ದು ಪೋಲೆಂಡಿನ ಕಥೆ. ಕಮ್ಯುನಿಸ್ಟ್ ಆಡಳಿತ ಹೋದ ಹೊಸತರಲ್ಲಿ ವಾರ್ಸಾದ ಬಯಲು ಸಂತೆಗಳಲ್ಲಿ ನಕಲಿ ಆಟಗಳ ವ್ಯಾಪಾರ ಬಹಿರಂಗವಾಗಿಯೇ ನಡೆಯುತ್ತಿತ್ತು. 1994ರಲ್ಲಿ ಆ ದೇಶಕ್ಕೆ ಹೊಸ ಕೃತಿಸ್ವಾಮ್ಯ ಕಾನೂನು ಬಂತು. ಅದೇ ವರ್ಷ ಇಬ್ಬರು ಯುವಕರು ಸಿ.ಡಿ. ಪ್ರೊಜೆಕ್ಟ್ ಎಂಬ ಕಂಪನಿ ಆರಂಭಿಸಿದರು. ನಕಲಿ ಮಾರುವವನನ್ನು ಬೆಲೆಯಲ್ಲಿ ಸೋಲಿಸಲಾಗದು ಎಂಬುದನ್ನು ಅವರು ಬೇಗ ಅರಿತರು. 1999ರಲ್ಲಿ 'ಬಾಲ್ಡರ್ಸ್ ಗೇಟ್' ಎಂಬ ದೊಡ್ಡ ಆಟವನ್ನು ಪೋಲಿಷ್ ಭಾಷೆಗೆ ತಂದು, ಹೆಸರಾಂತ ನಟರಿಂದ ಧ್ವನಿ ಕೊಡಿಸಿ, ಪೆಟ್ಟಿಗೆಯಲ್ಲಿ ನಕ್ಷೆ, ಕೈಪಿಡಿ, ಸಂಗೀತದ ಸಿ.ಡಿ. ಎಲ್ಲವನ್ನೂ ಇಟ್ಟು ಮಾರಿದರು. ಸಂತೆಯವನು ಕೊಡಲಾಗದ್ದನ್ನು ಕೊಟ್ಟರು, ಜನ ಕೊಂಡರು. ಅದೇ ಕಂಪನಿ 2008ರಲ್ಲಿ 'ಗುಡ್ ಓಲ್ಡ್ ಗೇಮ್ಸ್' ಎಂಬ ಮಳಿಗೆಯನ್ನು ಇಂಟರ್‌ನೆಟ್ಟಿನಲ್ಲಿ ತೆರೆಯಿತು. ಅದೇ ಈಗ ಜಿ.ಒ.ಜಿ. ಎಂದು ಪ್ರಸಿದ್ಧ. ಹಳೆಯ ಆಟದ ಹಕ್ಕುದಾರರನ್ನು ಹುಡುಕಿ ಒಪ್ಪಿಸುವುದು, ಡಾಸ್‌ಬಾಕ್ಸಿನಂಥ ಸಾಧನವನ್ನು ಜೊತೆಗೇ ಕಟ್ಟಿ ಒಂದೇ ಗುಂಡಿ ಒತ್ತಿದರೆ ನಡೆಯುವಂತೆ ಮಾಡುವುದು, ಕೈಪಿಡಿಯ ಪ್ರತಿಯನ್ನೂ ಕೊಡುವುದು, ಯಾವ ಬೀಗವನ್ನೂ ಹಾಕದಿರುವುದು ಅದರ ಪದ್ಧತಿ. ಯಾವ ಆಟ ಬೇಕೆಂದು ಗ್ರಾಹಕರು ಅಲ್ಲಿ ಮತ ಹಾಕಬಹುದು. ಆ ಮತಗಳ ಸಂಖ್ಯೆಯನ್ನು ಮುಂದಿಟ್ಟುಕೊಂಡು ಹಕ್ಕುದಾರರ ಜೊತೆ ಮಾತನಾಡಲು ಅನುಕೂಲ. ಬೀಗವಿಲ್ಲದ ಪ್ರತಿಯಿಂದ ನಮಗೇನು ಲಾಭ ಎಂದರೆ, ಮಳಿಗೆ ನಾಳೆ ಮುಚ್ಚಿದರೂ ನಾವು ಇಳಿಸಿಟ್ಟುಕೊಂಡ ಆಟ ನಮ್ಮಲ್ಲೇ ಉಳಿಯುತ್ತದೆ.

ಕೆಲವರು ಹೃದಯವಂತಿಕೆಯಿಂದಲೂ ನಡೆದುಕೊಂಡಿದ್ದಾರೆ. ಬ್ರಿಟನ್ನಿನ ರೆವಲ್ಯೂಷನ್ ಸಾಫ್ಟ್‌ವೇರ್ 1994ರ ತನ್ನ 'ಬಿನೀತ್ ಎ ಸ್ಟೀಲ್ ಸ್ಕೈ' ಆಟವನ್ನು 2003ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು. 'ಡೂಮ್' ಆಟದ ತಯಾರಕರು 1997ರಲ್ಲಿ ಅದರ ಮೂಲ ಬರಹವನ್ನು ಪ್ರಕಟಿಸಿದರು. ಚಿತ್ರ, ಧ್ವನಿ, ಹಂತಗಳ ಹಕ್ಕನ್ನು ಮಾತ್ರ ತಮ್ಮಲ್ಲೇ ಇಟ್ಟುಕೊಂಡರು. ಈ ಏರ್ಪಾಡು ನನಗೆ ಬಹಳ ವಿವೇಕದ್ದಾಗಿ ಕಾಣುತ್ತದೆ. ಹೊಸ ಹೊಸ ಯಂತ್ರಗಳಿಗೆ ಅದನ್ನು ಒಗ್ಗಿಸುವ ಕೆಲಸವನ್ನು ಆಸಕ್ತರು ಬಿಟ್ಟಿಯಾಗಿಯೇ ಮಾಡುತ್ತಿದ್ದಾರೆ, ಆಟವನ್ನು ಮಾರಿ ಬರುವ ಹಣ ಮಾಲೀಕರಿಗೆ ಸೇರುತ್ತಿದೆ.

ಇಷ್ಟೆಲ್ಲ ಒಂದು ಆಟಕ್ಕಾಗಿ ಬೇಕೆ ಎಂದು ಕೇಳುವವರು ಇರಬಹುದು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ಬಿಡುಗಡೆಯಾಯಿತು. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಆಗಲೂ ಅದು ಕೇವಲ ಮನರಂಜನೆಯಾಗಿತ್ತು, ಕಾಪಾಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಬಿ.ಬಿ.ಸಿ. 1960 ಮತ್ತು 70ರ ದಶಕಗಳಲ್ಲಿ 'ಡಾಕ್ಟರ್ ಹೂ' ಧಾರಾವಾಹಿಯ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿತು. ಮುಂದೆ ಕಳೆದುಹೋದ ಹಲವು ಕಂತುಗಳು ಮರಳಿ ಸಿಕ್ಕಿದ್ದು ಖಾಸಗಿ ಸಂಗ್ರಾಹಕರ ಕೈಯಿಂದ. ನಿಯಮ ಮೀರಿ ಇಟ್ಟುಕೊಂಡವರೇ ಕಾಪಾಡಿದವರೂ ಆದರು ಎಂಬ ಈ ಇರುಸುಮುರುಸಿನ ಸತ್ಯ ಆಟಗಳಿಗೂ ಅನ್ವಯಿಸುತ್ತದೆ. ಕದ್ದ ಪ್ರತಿಯನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಫ್ಲಾಪಿಯಿಂದ ಫ್ಲಾಪಿಗೆ ನಕಲು ಮಾಡಿಕೊಂಡ ಆ ಹುಡುಗರಿಲ್ಲದಿದ್ದರೆ, ಹಕ್ಕುದಾರನಿಗೆ ಮರುಬಿಡುಗಡೆ ಮಾಡಲು ಪ್ರತಿಯೇ ಇರದ ಸಂದರ್ಭಗಳೂ ಬರುತ್ತಿದ್ದವು.

ಹಾಸನದ ವೀಕ್ಷಕರಿಗೆ ಉತ್ತರ ಬರೆದಿದ್ದೇನೆ. ಅವರು ಹೆಸರಿಸಿದ್ದ ನಾಲ್ಕು ಆಟಗಳಲ್ಲಿ ಎರಡು ಕಾನೂನುಬದ್ಧವಾಗಿ, ಹೊಸ ಕಂಪ್ಯೂಟರಿನಲ್ಲಿ ನಡೆಯುವಂತೆ ಸಿಗುತ್ತವೆ. ಒಂದನ್ನು ನಾನೂ ಕೊಂಡೆ. ಎರಡು ಕಾಫಿಯ ಬೆಲೆ. ಜೊತೆಗೆ ಬಂದ ಕೈಪಿಡಿಯನ್ನು ಪುಟ ಬಿಡದೆ ಓದಿದೆ. ಕೀಲಿಮಣೆಯ ಯಾವ ಕೀಲಿಗೆ ಯಾವ ಕೆಲಸ ಎಂಬುದರಲ್ಲಿ ಅರ್ಧದಷ್ಟು ನಮಗೆ ಆಗ ಗೊತ್ತೇ ಇರಲಿಲ್ಲ. ಉಳಿದೆರಡು ಆಟಗಳನ್ನು ಕೊಳ್ಳುವ ದಾರಿ ನನಗೆ ಸಿಗಲಿಲ್ಲ, ಕೋರಿಕೆಯ ಪಟ್ಟಿಯಲ್ಲಿ ನನ್ನ ಮತ ಸೇರಿಸಿ ಬಂದಿದ್ದೇನೆ.

ಇನ್ನು ನಮ್ಮ ಇಪ್ಪತ್ತು ಸೆಕೆಂಡಿನ ವಿಷಯ. ಕಡತ ಇನ್ನೂ ಮುಚ್ಚಿಲ್ಲ. ಮೂರನೆಯ ಪತ್ರವನ್ನು ಕಳೆದ ತಿಂಗಳು ಕಳುಹಿಸಿದ್ದೇವೆ. ಒಪ್ಪಿಗೆ ಬಂದರೆ ಆ ಕಂತಿನ ಮರುಪ್ರಸಾರದಲ್ಲಿ ನನ್ನ ಬೆರಳುಗಳನ್ನು ತೆಗೆದು ಆಟವನ್ನೇ ತೋರಿಸುತ್ತೇವೆ. ಕೊನೆಯಲ್ಲಿ 'ಕೃಪೆ' ಎಂದು ಹೆಸರನ್ನೂ ಹಾಕುತ್ತೇವೆ.